ಎಂಟು ಬಾಯಿಗೆ ಒಂದೇ ಆಕಾರ

ಕೆಲವರ ಮಾತಿಗೆ ಹುಟ್ಟಿನಿಂದಲೇ ತೂಕವಿರುತ್ತದೆ. ಅವರು ಬರೀ ‘ಹೂಂ’ ಅಂದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾನು ಆ ಪೈಕಿಯವನಲ್ಲ. ನಾನು ಬಾಯಿ ತೆರೆದೆನೆಂದರೆ ಎದುರಿಗಿದ್ದವರಿಗೆ ತಮ್ಮದೇ ಏನೋ ಕೆಲಸ ನೆನಪಾಗುತ್ತದೆ. ಹೆಡ್ ಕ್ಲಾರ್ಕ್ ಆದ ಮೇಲಾದರೂ ಇದು ಸುಧಾರಿಸೀತು ಎಂದುಕೊಂಡಿದ್ದೆ. ಬಡ್ತಿಯಿಂದ ಕುರ್ಚಿಗೆ ಕೈ ಬಂತೇ ಹೊರತು ನನ್ನ ಮಾತಿಗೆ ಕಿವಿ ಬರಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಸುಶೀಲೆ ನಾನು ಹೇಳುವುದನ್ನೆಲ್ಲ ಒಗ್ಗರಣೆ ಸಿಡಿಯುವ ಹೊತ್ತಿನಲ್ಲೇ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ‘ನೀವು ಹೇಳಲೇ ಇಲ್ಲಲ್ರೀ’ ಅನ್ನುತ್ತಾಳೆ. ಹೀಗಿರುವಾಗ ಎಪ್ಪತ್ತರ ದಶಕದ ಕೊನೆಯಲ್ಲಿ ಒಮ್ಮೆ ಎಂಟು ಜನ ನನ್ನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಲೆಕ್ಕದಲ್ಲಿ ಅವರು ಏಳೇ ಜನ, ಎಂಟನೆಯವನು ನಾನೇ.

ಆಗ ನಾವು ಡೊಂಬಿವಲಿಯಲ್ಲಿದ್ದೆವು. ಬೆಳಗಿನ ಲೋಕಲ್ಲಿನಲ್ಲಿ ಡೊಂಬಿವಲಿಯಿಂದ ಹತ್ತಿ ಕೂಡುವ ಜಾಗ ಹಿಡಿಯುವುದು ದೇವರಿಂದಲೂ ಆಗದ ಕೆಲಸ. ಅದಕ್ಕೇ ದಿನಾ ಒಟ್ಟಿಗೆ ಕಚೇರಿಗೆ ಹೋಗುವ ನಾವು ಎಂಟು ಜನ ಮೊದಲು ಉಲ್ಟಾ ದಿಕ್ಕಿನ ಗಾಡಿ ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಎದುರುಬದುರು ನಾಲ್ಕು ನಾಲ್ಕು ಜನ ಕೂತು, ನಮ್ಮದೇ ಊರನ್ನು ರಾಜಠೀವಿಯಿಂದ ದಾಟಿ ಮುಂಬಯಿಗೆ ಹೋಗುತ್ತಿದ್ದೆವು. ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ಇಸ್ಪೀಟು. ಈ ಗುಂಪು ಏನನ್ನು ಕೊಂಡರೂ ಒಟ್ಟಿಗೇ ಕೊಳ್ಳುತ್ತಿತ್ತು. ಹಾಪೂಸ್ ಮಾವಿನ ಪೆಟ್ಟಿಗೆ, ಕೊಡೆ, ದೀಪಾವಳಿಯ ಪ್ಯಾಂಟಿನ ಬಟ್ಟೆ, ಎಲ್ಲ ಸಾಮೂಹಿಕ. ಒಂದು ವರ್ಷ ಎಂಟೂ ಜನ ಒಂದೇ ತಾನಿನ ಪ್ಯಾಂಟು ಹಾಕಿಕೊಂಡು ಇಳಿದಾಗ ಜನ ನಮ್ಮನ್ನು ಬ್ಯಾಂಡಿನವರೆಂದು ತಿಳಿದಿದ್ದುಂಟು.

ಪೈಪಿನ ಮಾತು ಶುರುವಾದದ್ದು ನನ್ನಿಂದಲೇ. ನಮ್ಮ ಸಾಹೇಬರು ಪೈಪು ಸೇದುತ್ತಿದ್ದರು. ಏನಾದರೂ ಕೇಳಿದರೆ ಮೊದಲು ತಂಬಾಕು ಒತ್ತಿ, ಕಡ್ಡಿ ಗೀರಿ, ಎರಡು ಸಲ ಎಳೆದು, ಚಾವಣಿ ನೋಡಿ, ಆಮೇಲೆ ‘ನೋಡೋಣ’ ಅನ್ನುತ್ತಿದ್ದರು. ಆ ಒಂದು ಶಬ್ದಕ್ಕಾಗಿ ಇಡೀ ಸೆಕ್ಷನ್ನು ಉಸಿರು ಹಿಡಿದು ನಿಂತಿರುತ್ತಿತ್ತು. ತೂಕವಿರುವುದು ಸಾಹೇಬರಲ್ಲಲ್ಲ, ಪೈಪಿನಲ್ಲಿ ಎಂದು ನನಗೆ ಮನವರಿಕೆಯಾಗಿತ್ತು. ಒಮ್ಮೆ ಅವರ ಪೈಪನ್ನು ರಿಪೇರಿಗೆ ಒಯ್ದಾಗ ಅಂಗಡಿಯವನು ಹೇಳಿದ್ದನ್ನು ನಾನು ಗಾಡಿಯಲ್ಲಿ ನನ್ನದೇ ಅನುಭವವೆಂಬಂತೆ ಬಿಟ್ಟೆ: “ಬಾಗಿದ ಪೈಪು ಹೊಗೀನ ತಂಪು ಮಾಡತದ.” ಇಸ್ಪೀಟು ನಿಂತಿತು. ಏಳು ಮುಖ ನನ್ನತ್ತ ತಿರುಗಿದವು. “ನೀವು ಪೈಪು ಸೇದ್ತೀರಾ ಮಾರಾಯ್ರೆ?” ಎಂದು ಉಡುಪಿ ಕಡೆಯ ಐತಾಳರು ಕೇಳಿದರು. ‘ಇಲ್ಲ’ ಎನ್ನುವುದು ಸುಲಭವಿತ್ತು. ಆದರೆ ಅಷ್ಟು ವರ್ಷಗಳ ಮೇಲೆ ಸಿಕ್ಕ ಏಳು ಜೊತೆ ಕಿವಿಗಳನ್ನು ಒಂದು ‘ಇಲ್ಲ’ಕ್ಕಾಗಿ ಕಳೆದುಕೊಳ್ಳುವಷ್ಟು ಸತ್ಯವಂತ ನಾನಾಗಿರಲಿಲ್ಲ. ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಕಾಯಂ ನೆಗಡಿಯ ಮನುಷ್ಯ. “ಮೊದಲ ಸೇದತಿದ್ದೆ” ಅಂದೆ. ದಾದರ್ ಬರುವುದರೊಳಗೆ ಎಂಟೂ ಜನ ಒಟ್ಟಿಗೇ ಪೈಪು ಕೊಳ್ಳುವುದೆಂದು ಗುಂಪು ತೀರ್ಮಾನಿಸಿತ್ತು.

ವಿಠ್ಠಲವಾಡಿಯಲ್ಲಿ ಬೀಟೆಯ ಮರದಲ್ಲಿ ಕೈಯಿಂದಲೇ ಪೈಪು ಮಾಡುವ ಒಬ್ಬ ಮುದಿ ಮಿಸ್ತ್ರಿ ಇದ್ದಾನೆಂದು ನಮ್ಮ ಗುಂಪಿನ ಸಾವಂತ ಪತ್ತೆ ಹಚ್ಚಿದ. ಮಿಸ್ತ್ರಿ ಕಟ್ಟುನಿಟ್ಟಿನವನು. “ಏಕ್ ನಮೂನಾ ಬೋಲೋ, ಆಠ್ ಬನಾವೂಂಗಾ. ಆಠ್ ನಮೂನಾ ಬೋಲೋಗೇ ತೋ ಘರ್ ಜಾವ್” ಅಂದ. ಎಂಟು ಬೇಕಿದ್ದರೆ ಎಂಟಕ್ಕೂ ಒಂದೇ ಆಕಾರ, ಇಲ್ಲವಾದರೆ ಮನೆಗೆ ಹೋಗಿ ಎಂದು. ಆ ಆಕಾರ ಆರಿಸುವ ಹೊಣೆಯನ್ನು ಗುಂಪು ಸರ್ವಾನುಮತದಿಂದ ‘ತಜ್ಞ’ನಾದ ನನಗೇ ವಹಿಸಿತು.

ಸರ್ವಾನುಮತ ಎಂದರೆ ಅಲ್ಲಿಗೆ ಮುಗಿಯಿತು ಎಂದಲ್ಲ. ಐತಾಳರಿಗೆ ನೇರವಾದದ್ದೇ ಬೇಕು. “ಬಾಗಿದ್ದು ಬೇಡ. ಬಾಯಲ್ಲಿ ಸೌಟು ಇಟ್ಟ ಹಾಗೆ ಕಾಣ್ತದೆ” ಎಂದು ಅವರ ತಕರಾರು. ಸಾವಂತನಿಗೆ ಬಾಗಿದ್ದು. ನೇರ ಪೈಪು ಬಾಯಲ್ಲಿಟ್ಟುಕೊಂಡು ಈ ನೂಕುನುಗ್ಗಲಿನಲ್ಲಿ ಮುಖ ತಿರುಗಿಸಿದರೆ ಪಕ್ಕದವನ ಕಿವಿಯೊಳಗೆ ಹೋಗುತ್ತದೆ ಎಂಬುದು ಅವನ ವಾದ. ಮೂರು ವಾರ ನಾನು ಇದನ್ನೇ ಧ್ಯಾನಿಸಿದೆ. ಒಂದು ಸಂಜೆ ಸ್ಟೇಷನ್ ಹೊರಗಿನ ಮಂಡಿಯಲ್ಲಿ ಸಣ್ಣ ಬದನೆಕಾಯಿ ಕಂಡಿತು. ದೇವರಾಣೆ, ತೊಟ್ಟು ಬಾಗಿದ ಎಳೆ ಬದನೆಕಾಯಿಯಷ್ಟು ಸುಂದರ ಪೈಪು ಇನ್ನೊಂದಿಲ್ಲ. ಅರ್ಧ ಕಿಲೋ ತಂದು ಒಂದೊಂದನ್ನೇ ಬಾಯಲ್ಲಿಟ್ಟು ಕನ್ನಡಿಯ ಮುಂದೆ ನಿಂತೆ. ಚಾವಣಿ ನೋಡಿ ‘ನೋಡೋಣ’ ಎಂದೂ ಅಭ್ಯಾಸ ಮಾಡಿದೆ. “ಆಯೀ, ಬಾಬಾ ಕಚ್ಚೀ ವಾಂಗೀ ಖಾತಾಯತ್!” ಎಂದು ಮಗಳು ಮರಾಠಿಯಲ್ಲಿ ಕೂಗಿಕೊಂಡಳು, ಅಪ್ಪ ಹಸಿ ಬದನೆಕಾಯಿ ತಿನ್ನುತ್ತಿದ್ದಾನೆಂದು.

ಸುಶೀಲೆ ಬಾಗಿಲಲ್ಲಿ ನಿಂತು ನೋಡಿದಳು. “ಎಂಟು ಕಾಯಿಗೆ ಹಲ್ಲು ಹತ್ಯಾವ. ಎಣ್ಣಿಗಾಯಿ ಏನು ನಿಮ್ಮ ತಲಿದು ಮಾಡ್ಲೇನು?” ಅಂದಳು. ವಿಷಯ ತಿಳಿದ ಮೇಲೆ, “ಎಲ್ಲಾ ಒಂದ ನಮೂನಿ ಇದ್ರ ಹೆಸರು ಹಾಕಸ್ರಿ ಮತ್ತ” ಅಂದಳು. ಅವಳ ಸಂಸಾರದಲ್ಲಿ ಚಮಚಕ್ಕೂ ಹೆಸರಿದೆ. ಪಕ್ಕದ ಮನೆಗೆ ಹೋದ ಸ್ಟೀಲಿನ ಬಟ್ಟಲು ಹೆಸರಿನಿಂದಲೇ ಮರಳಿ ಬರುವುದೆಂಬುದು ಅವಳ ಅನುಭವ. ಗಾಡಿಯಲ್ಲಿ ಸಾವಂತನೂ ಅದನ್ನೇ ಹೇಳಿದ. ನಾನು ಇಬ್ಬರನ್ನೂ ಕನಿಕರದಿಂದ ನೋಡಿದೆ. ಪೈಪೆಂದರೇನು, ಮದುವೆಯಲ್ಲಿ ಬಂದ ಕೊಳಗವೇ? ಹೆಸರು ಕೊರೆದರೆ ಆಕಾರ ಕೆಡುತ್ತದೆ ಎಂದು ತೀರ್ಪು ಕೊಟ್ಟೆ. ಎಲ್ಲರೂ ತಲೆದೂಗಿದರು. ಆ ತಲೆದೂಗುವಿಕೆಯ ರುಚಿ ಎಂಥದೆಂದು ನಾನು ನಿಮಗೆ ಹೇಗೆ ಹೇಳಲಿ!

ಇಲ್ಲಿ ಐತಾಳರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಭಾರೀ ಮಡಿವಂತರು. ಹೊರಗಿನ ಚಹಾ ಕುಡಿಯರು. ತಮ್ಮದೇ ತಂಬಿಗೆಯ ನೀರನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಹಾಗಾದರೆ ತಂಬಾಕು? “ಹೊಗೆಗೆ ಎಂತದು ಮೈಲಿಗೆ ಮಾರಾಯ್ರೆ, ಹೋಮದಲ್ಲಿ ಬರುವುದೂ ಹೊಗೆಯೇ ಅಲ್ವಾ?” ಎಂಬುದು ಅವರ ಸಿದ್ಧಾಂತ. ಎಂಜಲಿನ ವಿಷಯಕ್ಕೆ ಮಾತ್ರ ಅವರಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಒಮ್ಮೆ ಯಾರೋ ಅವರ ತಂಬಿಗೆಗೆ ಬಾಯಿ ಹಚ್ಚಿದರೆಂದು ಆ ತಂಬಿಗೆಯನ್ನೇ ದಾನ ಮಾಡಿಬಿಟ್ಟಿದ್ದರು.

ಪೈಪುಗಳು ಬಂದವು. ಬದನೆಕಾಯಿಯ ಹಾಗೆ ಹೊಳೆಯುವ, ಎಂಟೂ ಅಚ್ಚಿನಲ್ಲಿ ಎರೆದಂಥ ಪೈಪುಗಳು. ಕಲ್ಯಾಣ ಬಿಡುತ್ತಲೇ ಎಲ್ಲರೂ ಹೊತ್ತಿಸಿದರು. ನಾನೂ ಚಿಟಿಕೆ ತಂಬಾಕು ಹಾಕಿ, ಪೈಪನ್ನು ಬಾಯಲ್ಲಿ ಕಚ್ಚಿಕೊಂಡು, ಕಡ್ಡಿ ಗೀರಿ, ಉರಿ ಹತ್ತಿರ ತಂದು, ಕೆನ್ನೆ ಉಬ್ಬಿಸಿ, ಕಡ್ಡಿಯನ್ನು ಮೆಲ್ಲಗೆ ಆರಿಸಿಬಿಟ್ಟೆ. ಕೆಮ್ಮಿನ ಭಯ. ಏಳು ಜನರ ಹೊಗೆಯಲ್ಲಿ ಎಂಟನೆಯವನದು ಇಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಇಸ್ಪೀಟು ಹಂಚಿದರು. ಎಲ್ಲರೂ ಪೈಪನ್ನು ಬ್ರೀಫ್‌ಕೇಸಿನ ಅಂಚಿಗೆ ಇಟ್ಟರು. ಥಾಣೆ ಸ್ಟೇಷನ್ ಬಂತು, ಜನ ನುಗ್ಗಿದರು, ಯಾರದೋ ಮೊಣಕಾಲು ತಾಗಿ ಬ್ರೀಫ್‌ಕೇಸು ಮಗುಚಿತು. ಕೆಂಡ ತುಳಿದು ಆರಿಸಿ, ಎಂಟು ಪೈಪುಗಳನ್ನು ಹೆಕ್ಕಿ, ಸಾಲಾಗಿ ಇಟ್ಟು ನೋಡುತ್ತೇವೆ, ಯಾವುದು ಯಾರದು? ಆಕಾರ ಒಂದೇ, ಬಣ್ಣ ಒಂದೇ, ಹೆಸರಿಲ್ಲ. ಯಾರೂ ಕೈ ಚಾಚಲಿಲ್ಲ. ಐತಾಳರು ಕಣ್ಣು ಮುಚ್ಚಿಕೊಂಡು “ರಾಮ ರಾಮ, ಎಂಜಲು!” ಅಂದರು.

ಸಾವಂತ ಒಂದೊಂದರ ಒಳಗೂ ಇಣುಕಿದ. ಏಳರ ಒಳಗೆ ಕಪ್ಪು ಹಿಡಿದಿತ್ತು. ಒಂದು ಮಾತ್ರ ಮಿಸ್ತ್ರಿಯ ಕೈಯಿಂದ ಈಗಷ್ಟೇ ಬಂದಂತಿತ್ತು. “ಹಾ ಕೋಣಾಚಾ?” ಎಂದು ಅದನ್ನು ಮೇಲೆತ್ತಿದ. ಯಾರದಿದು? ನನ್ನದು ಎಂದರೆ ನನ್ನ ಪೈಪು ನನಗೆ ಸಿಗುತ್ತದೆ, ಇಷ್ಟು ದಿನ ಆಳಿದ ತಜ್ಞ ಸತ್ತುಹೋಗುತ್ತಾನೆ. ಅಲ್ಲ ಎಂದರೆ ಇನ್ನೊಬ್ಬರದನ್ನು ಬಾಯಿಗಿಡಬೇಕು. “ಕುಲಕರ್ಣಿಯವ್ರೇ, ಇದೆಂತ ಕಪ್ಪೇ ಆಗಲಿಲ್ಲ? ನೀವು ಹೇಳಿ” ಎಂದು ಐತಾಳರು ನನ್ನನ್ನೇ ಕೇಳಿದರು.

“ಮೆಲ್ಲಕ ಸೇದೋರದು ಮೊದಲನೇ ದಿನ ಕಪ್ಪಾಗೂದಿಲ್ಲ” ಎಂದು ನಾನು ಹೇಳಿದ್ದು ನನಗೇ ಕೇಳಿಸಿತು. ಅಷ್ಟಕ್ಕೇ ನಿಲ್ಲದೆ, ಖಾತ್ರಿಯಿರುವವನ ಹಾಗೆ ಕಪ್ಪಾದ ಒಂದು ಪೈಪನ್ನು ಎತ್ತಿ “ಇದು ನಂದು” ಎಂದು ಬಾಯಲ್ಲಿಟ್ಟುಕೊಂಡೆ. ಬೆಚ್ಚಗಿತ್ತು, ಒದ್ದೆಯಾಗಿತ್ತು, ಲವಂಗದ ವಾಸನೆ ಬಂತು. ನಮ್ಮಲ್ಲಿ ಲವಂಗ ಅಗಿಯುವವನು ಸಾವಂತ ಒಬ್ಬನೇ.

ಐತಾಳರ ಮುಖ ಅರಳಿತು. “ಹಾಗಾದ್ರೆ ಇದು ನನ್ನದೇ. ನಾನು ಮೆಲ್ಲಗೇ ಎಳೆಯುವುದು” ಎಂದು ನನ್ನ ಪೈಪನ್ನು ಕೈಗೆ ತೆಗೆದುಕೊಂಡರು. ತುಟಿಯ ಹತ್ತಿರ ತಂದು, ಏನೋ ಅನುಮಾನ ಬಂದು ನಿಲ್ಲಿಸಿದರು. “ಖಂಡಿತ ಅಲ್ವಾ ಕುಲಕರ್ಣಿಯವ್ರೇ? ನಿಮ್ಮ ಮಾತಿನ ಮೇಲೆ ಬಾಯಿಗಿಡ್ತಿದ್ದೇನೆ” ಅಂದರು. ಒಳ್ಳೆಯ ಮನುಷ್ಯ. ನನಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸಾವಂತನ ಪೈಪನ್ನು ಎರಡು ಸಲ ಎಳೆದು, ರೈಲುಡಬ್ಬಿಯ ಚಾವಣಿ ನೋಡಿ, ನಿಧಾನವಾಗಿ ತಲೆಯಾಡಿಸಿದೆ. ಐತಾಳರು ಬಾಯಿಗಿಟ್ಟುಕೊಂಡರು. ನನ್ನ ಮಾತಿಗೆ ಅಷ್ಟು ತೂಕ ಬಂದದ್ದು ಅದೇ ಮೊದಲು, ಅದೇ ಕೊನೆ. ಆ ಗಳಿಗೆಯಲ್ಲಿ ನಾನು ಮಾತೇ ಆಡಿರಲಿಲ್ಲ.