ಇಂಜಿನ್ನಿಗೆ ಆಯುಷ್ಯ ಕೊಟ್ಟ ಇಲಾಖೆ

ಬಳಸಿದ ದೋಣಿಯನ್ನು ಮಾರುವವರು ಅದರ ಡೀಸೆಲ್ ಇಂಜಿನ್ನು ಇನ್ನೆಷ್ಟು ವರ್ಷ ಬದುಕಲಿದೆ ಎಂಬುದನ್ನು ಜಲಸಾರಿಗೆ ಇಲಾಖೆಯಿಂದ ದೃಢಪಡಿಸಿಕೊಂಡ ನಂತರವೇ ಮಾರತಕ್ಕದ್ದು ಎಂಬ ನಿಯಮ ನಮ್ಮಲ್ಲಿ ಜಾರಿಯಲ್ಲಿದೆ. ನಿಯಮ ಬಂದಾಗ ಇಲಾಖೆಯಲ್ಲಿ ಇಂಜಿನ್ ಬಲ್ಲವರು ಯಾರೂ ಇರಲಿಲ್ಲ. ಆದಕಾರಣ, ಆಯುಷ್ಯದ ವಿಷಯದಲ್ಲಿ ದೀರ್ಘ ಅನುಭವವಿದ್ದ ಪಿಂಚಣಿ ವಿಭಾಗದ ಹಿರಿಯ ಗುಮಾಸ್ತರನ್ನು ಆಯುಷ್ಯಾಧಿಕಾರಿಯಾಗಿ ನೇಮಿಸಲಾಯಿತು. ಪಿಂಚಣಿದಾರರು ಬದುಕಿದ್ದಾರೋ ಇಲ್ಲವೋ ಎಂಬುದನ್ನು ಕುಳಿತಲ್ಲಿಂದಲೇ ಹೇಳಬಲ್ಲವರೆಂದು ಅವರಿಗೆ ಹೆಸರಿತ್ತು. ಅವರು ಇಲ್ಲವೆಂದ ಮೇಲೂ ಕೆಲವರು ಬದುಕಿದ್ದುದುಂಟು. ಆದರೆ ಸತ್ತವರ ತಕರಾರನ್ನು ಸ್ವೀಕರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಅವರ ಮುಂದೆ ಬಂದ ಮೊದಲ ಪ್ರಕರಣ ಒಬ್ಬ ಮಾವ ಮತ್ತು ಒಬ್ಬ ಅಳಿಯನದು.

ಮಾವ ಜೀವಮಾನವೆಲ್ಲ ಜನರನ್ನು ಹೊಳೆ ದಾಟಿಸಿದವನು. ಈಗ ಮಂಡಿ ಕೈಕೊಟ್ಟಿತ್ತು. ದೋಣಿಯನ್ನು ಅಳಿಯನಿಗೇ ಮಾರಿ ದಡ ಸೇರೋಣವೆಂದುಕೊಂಡ. ಅಳಿಯ ದರ್ಜಿ. ಕೂತು ಕೂತು ಸೊಂಟ ಹಿಡಿದುಹೋಗಿ, ದೋಣಿಯಾದರೆ ಗಾಳಿಯಾದರೂ ಸಿಕ್ಕೀತು ಎಂದು ಒಪ್ಪಿದ. ಆದರೆ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವನಲ್ಲ ಅವನು. ಇಂಜಿನ್ನು ಇನ್ನೆಷ್ಟು ದಿನ ಬಾಳುತ್ತದೆಂದು ತಿಳಿಯದೆ ಬೆಲೆ ಮಾತಾಡುವುದಿಲ್ಲ ಎಂದ.

ಇಬ್ಬರೂ ಬೇರೆ ಬೇರೆಯಾಗಿ ದೋಣಿ ಕಡವಿನ ಮೆಕ್ಯಾನಿಕ್ಕನನ್ನು ಕೇಳಿದರು. ಅವನು ಮಾವನಿಗೆ, ಇದು ಕಲ್ಲುಗುಂಡು, ಮೊಮ್ಮಕ್ಕಳ ಕಾಲಕ್ಕೂ ಅಲುಗಾಡುವುದಿಲ್ಲ ಎಂದಿದ್ದ. ಅಳಿಯನಿಗೆ, ಇವತ್ತಿದ್ದು ನಾಳೆ ಇಲ್ಲದ ಗಿರಾಕಿ, ನಂಬಿ ಕೆಡಬೇಡಿ ಎಂದಿದ್ದ. ಇಬ್ಬರೂ ಒಟ್ಟಿಗೆ ಹೋಗಿ ವಿಚಾರಿಸಿದಾಗ ಅವನು ಸ್ಪಾನರ್ ಒರೆಸಿಕೊಳ್ಳುತ್ತಾ, ಒಂದು ಮಾರುವವರ ಪ್ರಶ್ನೆ, ಇನ್ನೊಂದು ಕೊಳ್ಳುವವರ ಪ್ರಶ್ನೆ, ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಯಾರಿಗಾದರೂ ಒಬ್ಬರಿಗೆ ಅನ್ಯಾಯವಾಗುತ್ತದೆ ಎಂದು ವಿವರಿಸಿದ. ಮಾತು ನ್ಯಾಯವಾಗಿಯೇ ಇತ್ತು. ಇಬ್ಬರೂ ತಲೆದೂಗಿ ಇಲಾಖೆಗೆ ಅರ್ಜಿ ಹಾಕಿದರು.

ನಡುವೆ ಸಿಕ್ಕಿದವಳು ಮಗಳು. ಇತ್ತ ಹೆತ್ತ ಅಪ್ಪ, ಅತ್ತ ಕಟ್ಟಿಕೊಂಡ ಗಂಡ. ಊಟಕ್ಕೆ ಕೂತರೆ ಅಪ್ಪ ‘ಅಳಿಯಂದಿರಿಗೆ ಸಾರು ಬಡಿಸಮ್ಮ, ನನ್ನ ಮೇಲೆ ನಂಬಿಕೆ ಇಲ್ಲದಿದ್ರೂ ಸಾರಿನ ಮೇಲಾದ್ರೂ ಇರಲಿ’ ಎನ್ನುತ್ತಿದ್ದ. ಗಂಡ ಸಾರನ್ನು ಮೂಸಿ ನೋಡಿ ಬಡಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗ ಒಮ್ಮೆ ಚಾಲೂ ಮಾಡಿ, ಯಾವ ಬಣ್ಣದ ಹೊಗೆ ಬರುತ್ತದೆಂದು ನೋಡಿದರೆ ಮುಗಿಯಿತಲ್ಲ ಎಂದು ಅವಳು ಹೇಳಿ ನೋಡಿದಳು. ಅರ್ಜಿ ಇಲಾಖೆಯಲ್ಲಿರುವಾಗ ಹಾಗೆಲ್ಲ ದುಡುಕಬಾರದು ಎಂದು ಗಂಡಸರಿಬ್ಬರೂ ಒಂದೇ ಸ್ವರದಲ್ಲಿ ಹೇಳಿದರು. ಅವಳ ಮದುವೆಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ಆಡಿದ ಮೊದಲ ಮಾತು ಅದು.

ತಪಾಸಣೆಯ ದಿನ ಮಾವ ಬೇಗನೆ ಎದ್ದು, ತಣ್ಣಗಿದ್ದರೆ ಮೊಂಡು ಹಿಡಿಯುವ ಇಂಜಿನ್ನನ್ನು ಗುಟ್ಟಾಗಿ ಓಡಿಸಿ ಬೆಚ್ಚಗೆ ಮಾಡಿ, ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದ. ಆಯುಷ್ಯಾಧಿಕಾರಿಗಳು ಪ್ಯಾಂಟು ಮಡಚಿ ದೋಣಿಗಿಳಿದು, ಗೋಣಿ ಸರಿಸಿ, ಅಂಗೈ ಮಗುಚಿ ಇಂಜಿನ್ನಿನ ಮೇಲಿಟ್ಟರು.

“ಮೈ ಸುಡ್ತಾ ಇದೆ,” ಎಂದರು.

ಮಾವ ಬಿಸಿಲು ಎಂದ. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಅಧಿಕಾರಿಗಳು ಇಂಜಿನ್ನಿಗೆ ಜ್ವರವೆಂದು ಬರೆದುಕೊಂಡು, ಕಾಯಿಲೆ ಬಿದ್ದವರ ಆಯುಷ್ಯ ನಿರ್ಣಯಿಸುವಂತಿಲ್ಲವಾದ್ದರಿಂದ ಒಂದು ವಾರ ವಿಶ್ರಾಂತಿ ವಿಧಿಸಿ ಹೋದರು. ಅಳಿಯ ಅಂದೇ ಇಂಜಿನ್ನಿನ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಎರಡನೆಯ ಸಲ ಜ್ವರ ಇಳಿದಿತ್ತು. ಅಧಿಕಾರಿಗಳು ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದರು. ವರ್ಷಗಟ್ಟಲೆ ಬದಲಿಸದ ಆಯಿಲ್ ಡಾಂಬರಿನಂತೆ ಅಂಟಿಕೊಂಡಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು, ಈ ವಯಸ್ಸಿನಲ್ಲೂ ಇಷ್ಟು ಕಪ್ಪಾಗಿದೆ, ಒಂದೆಳೆಯೂ ನರೆತಿಲ್ಲ ಎಂದು ಮೆಚ್ಚಿಕೊಂಡರು. ಬಳಿಕ ಅಭ್ಯಾಸಗಳ ವಿಚಾರಣೆ.

“ಹೊಗೆ ಅಭ್ಯಾಸ ಇದೆಯಾ?”

“ಇದೆ ಸಾರ್,” ಎಂದ ಅಳಿಯ. “ನೀಲಿ ಹೊಗೆ. ಆಯಿಲ್ ಬೇರೆ ಕುಡಿಯತ್ತೆ.”

“ಕುಡಿತಾನೂ ಇದೆಯಾ?”

“ದಿನಾ ಇಲ್ಲ ಸಾರ್,” ಎಂದ ಮಾವ. “ಭಾರ ಜಾಸ್ತಿ ಆದಾಗ ಮಾತ್ರ.”

ಅಧಿಕಾರಿಗಳು ಸಹಾನುಭೂತಿಯಿಂದ ತಲೆಯಾಡಿಸಿದರು. ದಡದಲ್ಲಿ ನಿಂತಿದ್ದ ಮಗಳಿಗೆ ತಡೆಯಲಾಗಲಿಲ್ಲ.

“ಸಾರ್, ಒಂದ್ಸಲ ಸ್ಟಾರ್ಟ್ ಮಾಡಿ ನೋಡಬಾರದಾ?”

“ತಾಯೀ, ಇದಕ್ಕೆ ಎಷ್ಟು ಆಯುಷ್ಯ ಉಳಿದಿದೆ ಅಂತ ಇನ್ನೂ ನಿರ್ಧಾರ ಆಗಿಲ್ಲ. ನಿರ್ಧಾರ ಆಗದ ಆಯುಷ್ಯದಲ್ಲಿ ಖರ್ಚು ಮಾಡೋ ಅಧಿಕಾರ ನನಗಿಲ್ಲ.”

“ನಿರ್ಧಾರ ಆದ ಮೇಲೆ?”

“ಆಮೇಲೆ ಸ್ಟಾರ್ಟ್ ಮಾಡಿದ್ರೆ ನಿರ್ಧಾರ ತಪ್ಪಾಗತ್ತೆ.”

ಅಧಿಕಾರಿಗಳ ಸ್ವಂತ ಅಂದಾಜು ನಾಲ್ಕು ವರ್ಷವಿತ್ತು. ಆದರೆ ತಪಾಸಣಾ ಶುಲ್ಕವನ್ನು ಆಯುಷ್ಯದ ಪ್ರತಿ ವರ್ಷಕ್ಕೆ ಇಷ್ಟೆಂದು ವಿಧಿಸುವುದರಿಂದ, ಮೇಲಧಿಕಾರಿಗಳು ಕಡತ ನೋಡಿ, ಒಂದು ಬಡ ಇಂಜಿನ್ನಿನ ವಿಷಯದಲ್ಲಿ ಇಲಾಖೆ ಇಷ್ಟು ಕಠೋರವಾಗಬಾರದು ಎಂದು ಬರೆದರು. ಕಡತ ಮೇಲೆ ಹೋದಂತೆಲ್ಲ ಕರುಣೆ ಹೆಚ್ಚುತ್ತಾ ಹೋಗಿ, ಕೆಳಗಿಳಿದು ಬಂದಾಗ ಆಯುಷ್ಯ ಇಪ್ಪತ್ತು ವರ್ಷವಾಗಿತ್ತು. ಕಡವಿನ ಕಂಬಕ್ಕೆ ಪ್ರಕಟಣೆ ಅಂಟಿಸಲಾಯಿತು:

‘ಸದರಿ ಇಂಜಿನ್ನಿನ ಉಳಿದ ಆಯುಷ್ಯವನ್ನು ಇಪ್ಪತ್ತು ವರ್ಷಗಳೆಂದು ಈ ಮೂಲಕ ಮಂಜೂರು ಮಾಡಲಾಗಿದೆ. ಮಂಜೂರಾದ ಅವಧಿಗೆ ಮುನ್ನ ಇಂಜಿನ್ನು ನಿಂತುಹೋದಲ್ಲಿ ಅದನ್ನು ಅಸಹಜ ಮರಣವೆಂದು ಪರಿಗಣಿಸಿ, ಕೊನೆಯ ಗಳಿಗೆಯಲ್ಲಿ ಅದರ ಬಳಿಯಿದ್ದವರನ್ನು ವಿಚಾರಣೆಗೆ ಒಳಪಡಿಸತಕ್ಕದ್ದು.’

ಮಾವ ಮೊದಲ ವಾಕ್ಯವನ್ನು ಓದಿ ಬೆಲೆ ಏರಿಸಿದ. ಸರ್ಕಾರವೇ ಕೊಟ್ಟ ಆಯುಷ್ಯದ ಮೇಲೆ ಚೌಕಾಸಿ ಮಾಡುವುದು ಹೇಗೆಂದು ತಿಳಿಯದೆ ಅಳಿಯ ಒಪ್ಪಿಕೊಂಡ, ಹೊಲಿಗೆ ಯಂತ್ರ ಮಾರಿ ದೋಣಿ ಕೊಂಡ. ಎರಡನೆಯ ವಾಕ್ಯವನ್ನು ಅವನು ಓದಿದ್ದು ಆಮೇಲೆ.

ಹೊಸ ಮಾಲೀಕನ ಮೊದಲ ಪ್ರಯಾಣಕ್ಕೆ ದೋಣಿ ತುಂಬಿತ್ತು. ಆಚೆ ದಡದ ಕೆಲಸಕ್ಕೆ ಹೋಗುವವರು, ಕೋಳಿಬುಟ್ಟಿ ಹಿಡಿದ ಒಬ್ಬ ಮುದುಕಿ, ಹೆಂಡತಿ. ಅಳಿಯ ಪೆಟ್ಟಿಗೆಯ ಬೀಗ ತೆಗೆದು, ಚಾಲೂ ಮಾಡುವ ಹಿಡಿಯ ಮೇಲೆ ಕೈಯಿಟ್ಟ. ಇಟ್ಟ ಕೈ ಇಟ್ಟಲ್ಲೇ ನಿಂತಿತು. ತಿರುಗಿಸಿದರೆ ಹೊತ್ತಿಕೊಳ್ಳಬಹುದು, ಹೊತ್ತಿಕೊಂಡು ನಿಂತರೆ, ಕೊನೆಯ ಗಳಿಗೆಯಲ್ಲಿ ಬಳಿಯಿದ್ದವನು ತಾನೇ. ಹೊಲಿಗೆ ಯಂತ್ರವೂ ಇಲ್ಲ, ದೋಣಿಯೂ ಹೋಯಿತು, ಇನ್ನು ಇವಳನ್ನು ಹೇಗೆ ಸಾಕಲಿ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

ಹೆಂಡತಿ ಅವನ ಮುಖವನ್ನೊಮ್ಮೆ ನೋಡಿದಳು. ಎದ್ದು, ಹಲಗೆಯಡಿ ಬಿದ್ದಿದ್ದ ಹಳೆಯ ಹುಟ್ಟುಗಳನ್ನು ಎಳೆದು ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ನೀರಿಗಿಳಿಸಿದಳು.

ಆ ದಿನದಿಂದ ದೋಣಿ ಹಾಗೆಯೇ ನಡೆಯುತ್ತಿದೆ. ಮೊದಮೊದಲು ದರ್ಜಿಯ ಅಂಗೈ ಬೊಬ್ಬೆಯೆದ್ದಾಗ ಹೆಂಡತಿ ಅಸ್ತರಿನ ಬಟ್ಟೆ ಸುತ್ತಿದಳು. ಇಂಜಿನ್ನನ್ನು ಇಷ್ಟು ಜೋಪಾನ ಮಾಡುವ ಅಳಿಯ ದೊರೆತದ್ದು ಏಳು ಜನ್ಮದ ಪುಣ್ಯವೆಂದು ಮಾವ ಸಿಕ್ಕವರಿಗೆಲ್ಲ ಹೇಳಿದ. ಇಂಜಿನ್ನು ಕೆಡದೆ ಇದ್ದುದರಿಂದ ಅಳಿಯನಿಗೂ ಮಾವನ ಮಾತಿನಲ್ಲಿ ನಂಬಿಕೆ ಬಂತು. ಸಾರನ್ನು ಮೂಸುವುದು ಬಿಟ್ಟ. ಉಳಿದ ದೋಣಿಯವರೂ ತಮ್ಮ ಇಂಜಿನ್ನುಗಳಿಗೆ ಆಯುಷ್ಯ ಮಂಜೂರು ಮಾಡಿಸಿಕೊಂಡು ಬೀಗ ಹಾಕಿದರು. ಇಂಜಿನ್ ಮರಣ ಪ್ರಮಾಣವನ್ನು ಸೊನ್ನೆಗೆ ಇಳಿಸಿದ್ದಕ್ಕಾಗಿ ಆಯುಷ್ಯಾಧಿಕಾರಿಗಳಿಗೆ ಬಡ್ತಿಯಾಯಿತು. ಡೀಸೆಲ್ ಮಾರುತ್ತಿದ್ದವನು ಹುಟ್ಟು ಮಾರತೊಡಗಿದ. ಹುಟ್ಟು ಎಷ್ಟು ದಿನ ಬಾಳುತ್ತದೆಂದು ಕೇಳಿದವರಿಗೆಲ್ಲ ಮೆಕ್ಯಾನಿಕ್ಕು, ನೀವು ಮಾರುವವರೋ ಕೊಳ್ಳುವವರೋ ಎಂದು ಮೊದಲು ವಿಚಾರಿಸುತ್ತಾನೆ.

ಮೊನ್ನೆ ಪರವೂರಿನವನೊಬ್ಬ ಹತ್ತಿದ್ದ. ಹೊಳೆಯ ನಡುವೆ ಎಷ್ಟು ಹೊತ್ತಾದರೂ ದಡ ಹತ್ತಿರವಾಗದ್ದು ಕಂಡು, ಇದೇಕೆ ಇಷ್ಟು ನಿಧಾನ ಎಂದು ಪಕ್ಕದಲ್ಲಿದ್ದ ಕೋಳಿಬುಟ್ಟಿಯ ಮುದುಕಿಯನ್ನು ಕೇಳಿದ.

“ಇಂಜಿನ್ ದೋಣಿ ಅಲ್ವಾಪ್ಪ,” ಎಂದಳು ಅವಳು. “ಭಾರ ಇರತ್ತೆ. ಸ್ವಲ್ಪ ನಿಧಾನಾನೇ.”

ಅವನು ಹೌದೆಂದು ತಲೆಯಾಡಿಸಿ, ಸರಿದು ಕೂತು ಇಂಜಿನ್ನಿಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟ.