ಮಂಕಿ ಸರ್ ಹೇಳ್ಯಾರ್ರಿ

ಹೊಟ್ಟೆಕಿಚ್ಚಿನಲ್ಲಿ ಮರ್ಯಾದೆಯದು, ಮರ್ಯಾದೆಗೆಟ್ಟದ್ದು ಎಂದು ಎರಡು ಬಗೆ ಇವೆ. ನರಗುಂದದಲ್ಲಿರುವ ನನ್ನ ಷಡ್ಡಕ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಿದಾಗ ನನಗೆ ಆದದ್ದು ಮರ್ಯಾದೆಯ ಹೊಟ್ಟೆಕಿಚ್ಚು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರು 'ಹೌದ್ ಬಿಡ್ರಿ, ಆಗೂದಽ' ಎಂದು ಸಮಾಧಾನ ಹೇಳಿ ತಮ್ಮ ತಮ್ಮ ಷಡ್ಡಕರ ಕಥೆ ತೆಗೆಯುತ್ತಾರೆ, ಚಹಾ ಬರುತ್ತದೆ, ಹೊತ್ತು ಹೋಗುತ್ತದೆ. ಆದರೆ ಈ ವರ್ಷವಿಡೀ ನನ್ನನ್ನು ಸುಟ್ಟದ್ದು ಅಂಥದ್ದಲ್ಲ. ನನಗೆ ಹೊಟ್ಟೆಕಿಚ್ಚು ಒಂದು ಮಂಗನ ಮೇಲೆ. ಗಜೇಂದ್ರಗಡದ ಗುಡ್ಡದಲ್ಲಿ ಮಂಗಗಳಿಗೆ ಬರವಿಲ್ಲ ನಿಜ, ಆದರೆ ಇದು ಗುಡ್ಡದ ಮಂಗವಲ್ಲ, ಕಂಪ್ಯೂಟರಿನೊಳಗಿನದು. ಊರಲ್ಲಿ ಯಾರಿಗೆ ಹೇಳಿದರೂ ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಪ್ರೋಗ್ರಾಮು ಬರೆಯುವವನು. ಗಜೇಂದ್ರಗಡದಲ್ಲಿ ಕುಳಿತು ಪ್ರೋಗ್ರಾಮು ಬರೆಯುತ್ತೇನೆ ಎಂದರೆ ಹೊರಗಿನವರು ನಗುತ್ತಾರೆ. ಊರವರು 'ಹಂಗಂದ್ರ ಟೈಪಿಂಗೇನ್ರಿ?' ಎಂದು ಕೇಳಿ ಮದುವೆ ಕಾರ್ಡಿನ ಒಕ್ಕಣೆ ಕೈಗೆ ಕೊಡುತ್ತಾರೆ. ಸೀರೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಚೇರಿ. ಮಾಲೀಕರು ರೋಣದ ಹತ್ತಿ ವ್ಯಾಪಾರಿ, ಎಲ್ಲರೂ ಸಾಹುಕಾರರು ಎನ್ನುತ್ತೇವೆ. ಮುಂದಿನ ಕಾಲವೆಲ್ಲ ಕಂಪ್ಯೂಟರಿನದು ಎಂದು ಯಾರೋ ಅವರ ಕಿವಿ ಊದಿದ್ದರಿಂದ ಇದನ್ನು ತೆರೆದರು. ರೋಣ, ನರಗುಂದದ ದಲಾಲಿ ಅಂಗಡಿಗಳಿಗೆ ಚೀಲದ ತೂಕ ಬರೆದು ಬಿಲ್ಲು ತೆಗೆಯುವ ಪ್ರೋಗ್ರಾಮು ಮಾಡಿಕೊಡುವುದು ನಮ್ಮ ಕೆಲಸ. ನಾವೆಂದರೆ ನಾನು ಮತ್ತು ಶಬಾನಾ. ಆಕೆಯ ತಂದೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇದೆ. ಗದಗಿನಲ್ಲಿ ಕಂಪ್ಯೂಟರ್ ಓದಿ ಬಂದ ಚುರುಕು ಹುಡುಗಿ. ನಮ್ಮಿಬ್ಬರ ಮೇಜುಗಳ ನಡುವೆ ಒಂದು ಕಬ್ಬಿಣದ ಕಪಾಟು.

ಆಕೆ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಸುಖದ ಕಾಲ. ಇಂಟರ್ನೆಟ್ ಇನ್ನೂ ನಮ್ಮ ಮಹಡಿ ಹತ್ತಿರಲಿಲ್ಲ. ಏನು ಅಡ್ಡಿ ಬಂದರೂ ಕೇಳಬೇಕಾದದ್ದು ನನ್ನನ್ನೇ. 'ಸರ, ಇದ್ಯಾಕ ಓಡವಲ್ದ್ರಿ?' ಎಂದು ಕಪಾಟಿನ ಆಚೆಯಿಂದ ದನಿ ಬಂದರೆ ನಾನು ತಟ್ಟನೆ ಏಳುತ್ತಿರಲಿಲ್ಲ. ಖಾಲಿಯಾದ ಚಹಾದ ಕಪ್ಪನ್ನು ಇನ್ನೊಮ್ಮೆ ತುಟಿಗೆ ಹಚ್ಚಿ, ಸಾವಕಾಶ ಹೋಗಿ, ಪರದೆ ನೋಡಿ, ಮೊದಲು ಬೈದು ಆಮೇಲೆ ಹೇಳಿಕೊಡುತ್ತಿದ್ದೆ. 'ಕಣ್ಣ ಎಲ್ಲಿಟ್ಟಿದ್ದೆವಾ ತಂಗಿ? ಕಾಲೇಜಿನ್ಯಾಗ ಪಾಠ ಕೇಳಿದ್ಯೋ, ಶೇಂಗಾ ತಿನಕೋತ ಕುಂತಿದ್ಯೋ?' ನನಗೆ ಕಲಿಸಿದವರೂ ಹೀಗೆಯೇ ಕಲಿಸಿದ್ದು. ಬೈಯದೆ ಹೇಳಿದ ವಿದ್ಯೆ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಮನೆಗೆ ಹೋದಮೇಲೆ ಹೆಂಡತಿ ರತ್ನಾಳ ಮುಂದೆ 'ನಾ ಇಲ್ಲಂದ್ರ ಆ ಆಫೀಸು ಒಂದ ದಿನಾ ನಡಿಯೂದಿಲ್ಲ' ಎಂದು ಬೇಸರದ ದನಿಯಲ್ಲಿ ಹೇಳುತ್ತಿದ್ದೆ. ಹಾಗೆ ಬೇಸರ ಪಡುವುದರಲ್ಲಿ ಎಷ್ಟು ಹಿತವಿತ್ತು ಎಂಬುದು ಅದು ತಪ್ಪಿದ ಮೇಲೆ ಗೊತ್ತಾಯಿತು.

ಸಲಕರಣೆಗಳು ಬದಲಾದಾಗಲೇ ನಾನು ಎಚ್ಚರಾಗಬೇಕಿತ್ತು. ಮೊದಲು ನಾವು ಪ್ರೋಗ್ರಾಮು ಬರೆಯುತ್ತಿದ್ದದ್ದು ನೀಲಿ ಪರದೆಯ ಹಳೆಯ ಎಡಿಟರಿನಲ್ಲಿ. ಅದು ಬರೆಯುವಾಗ ಸುಮ್ಮನಿದ್ದು ಕೊನೆಗೆ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಮುಖಕ್ಕೆ ಎಸೆಯುತ್ತಿತ್ತು, ಥೇಟ್ ನನ್ನ ಸ್ವಭಾವ. ಆಮೇಲೆ ಬಂದ ಹೊಸದರಲ್ಲಿ ಬಣ್ಣಬಣ್ಣದ ಅಕ್ಷರಗಳು, ಅರ್ಧ ಶಬ್ದ ಬರೆದರೆ ಉಳಿದರ್ಧವನ್ನು ಅದೇ ತುಂಬುತ್ತದೆ. ಶಬಾನಾ ಇದಕ್ಕೆ ಮರುಳಾದಳು. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ರತ್ನಾ ಮದುವೆಯಾದಂದಿನಿಂದ ನನ್ನ ಅರ್ಧ ಮಾತನ್ನು ತಾನೇ ಪೂರ್ತಿ ಮಾಡುತ್ತ ಬಂದಿದ್ದಾಳೆ. ಕಂಪ್ಯೂಟರು ತುಂಬಿದ್ದು ಬೇಡವಾದರೆ ಅಳಿಸಬಹುದು ಎಂಬುದೊಂದೇ ವ್ಯತ್ಯಾಸ.

ಅದಾದಮೇಲೆ ಬ್ರಾಡ್‌ಬ್ಯಾಂಡ್ ಬಂತು. ಸಾಹುಕಾರರ ಬೆನ್ನು ಹತ್ತಿ ಅದನ್ನು ತರಿಸಿದವನೂ ನಾನೇ, ಯಾವ ಗಳಿಗೆಯಲ್ಲಿ ತರಿಸಿದೆನೋ. ನೋಡನೋಡುತ್ತ ಕಪಾಟಿನ ಆಚೆಯ ದನಿ ನಿಂತುಹೋಯಿತು. ನಾನು ಕೆಮ್ಮಿದೆ. ನೀರು ಕುಡಿಯುವ ನೆಪದಲ್ಲಿ ಆಕೆಯ ಮೇಜಿನ ಮುಂದೆ ಅಡ್ಡಾಡಿದೆ. ಕೊನೆಗೆ ತಡೆಯಲಾರದೆ ಕೇಳಿಯೂಬಿಟ್ಟೆ.

'ಏನವಾ, ಎಲ್ಲಾ ಬರೋಬ್ಬರಿ ನಡದೈತೇನು? ಆ ತೂಕದ ಲೆಕ್ಕ ತಪ್ಪತಿತ್ತಲ್ಲ?'

'ಅದು ಸರಿ ಆತ್ರಿ ಸರ. ಮಂಕಿ ಸರ್ ಹೇಳಿದ್ರು.'

ಪ್ರೋಗ್ರಾಮು ಬರೆಯುವವರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ಒಂದು ಜಾಲತಾಣವಿದೆ. ಯಾವುದೋ ದೇಶದಲ್ಲಿ ಕುಳಿತು ಯಾರೋ ಕೇಳುತ್ತಾರೆ, ಇನ್ನಾವುದೋ ದೇಶದಿಂದ ಇನ್ನಾರೋ ಉತ್ತರಿಸುತ್ತಾರೆ. ಅಲ್ಲಿ 'ಹಿಲ್ ಮಂಕಿ' ಎಂಬ ಹೆಸರಿನವನೊಬ್ಬನಿದ್ದಾನೆ. ಮುಖದ ಫೋಟೋ ಇರಬೇಕಾದಲ್ಲಿ ಮಂಗನ ಚಿತ್ರ. ಶಬಾನಾ ಅದನ್ನು ನನಗೆ ಭಕ್ತಿಯಿಂದ ತೋರಿಸಿದಳು. 'ಭಾಳ ತಿಳದವ್ರ್ರಿ ಸರ. ಅಮೆರಿಕಾದವ್ರ ಇರಬೇಕು. ಎಷ್ಟ ಸಣ್ಣದು ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ. ನೀವೂ ಓದ್ರಿ, ಕಲಿಯೂದು ಭಾಳ ಐತಿ.'

ಇಲ್ಲೊಂದು ಸಂಗತಿ ಹೇಳಿಬಿಡುತ್ತೇನೆ, ನಿಮ್ಮಿಂದ ಮುಚ್ಚಿಡುವುದೇನು. ಆ ಮಂಗ ನಾನೇ.

ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಆ ತಾಣದಲ್ಲಿ ಇಣುಕುತ್ತಿದ್ದೆ. ಸದಸ್ಯನಾಗಬೇಕೆಂದು ಕುಳಿತ ದಿನ ಗುಡ್ಡದಿಂದ ಇಳಿದ ಮಂಗವೊಂದು ನಮ್ಮ ಟೆಲಿಫೋನ್ ತಂತಿಗೆ ಜೋತುಬಿದ್ದು ಜೀಕುತ್ತಿತ್ತು. ಹೆಸರು ತುಂಬುವಷ್ಟರಲ್ಲಿ ಸಂಪರ್ಕ ಕಡಿದು ಹೋಗುತ್ತಿತ್ತು. ಸಿಟ್ಟಿನಲ್ಲಿ ಅದರ ಹೆಸರನ್ನೇ ಹಾಕಿದೆ. ಆಮೇಲೆ ಪರರಾಷ್ಟ್ರದವರ ಪ್ರಶ್ನೆಗಳಿಗೆ ಉತ್ತರ ಬರೆಯುವ ಚಟ ಹತ್ತಿತು. ತೂಕದ ಲೆಕ್ಕ ಏನಾಯಿತೆಂದು ಕೇಳಿದ್ದು ಬರೀ ನಾಟಕ, ಶಬಾನಾ ಅಲ್ಲಿ ಹಾಕಿದ ಮೊದಲ ಪ್ರಶ್ನೆಯನ್ನು ಕಂಡಕೂಡಲೇ ನನಗೆ ಗುರುತು ಸಿಕ್ಕಿತ್ತು. ಏಕೆಂದರೆ ಅದರಲ್ಲಿದ್ದ ಪ್ರೋಗ್ರಾಮು ನಾನು ಬರೆದದ್ದು, ತಪ್ಪೂ ನನ್ನದೇ.

ಹಾಗಾದರೆ ಕಚೇರಿಯಲ್ಲಿ ಮಾತೆತ್ತಿದರೆ ಸಿಡುಕುವವನು ಅಲ್ಲಿ ಮಾತ್ರ ಹೇಗೆ ಸಾಧುವಾದೆ ಎಂದು ನೀವು ಕೇಳಬಹುದು. ಕಾರಣ ನನ್ನ ಇಂಗ್ಲಿಷು. ನಾನು ಇಂಗ್ಲಿಷ್ ಕಲಿತದ್ದು ಶಾಲೆಯ ರಜಾ ಅರ್ಜಿಯಿಂದ. ಅದರಲ್ಲಿ ರೆಸ್ಪೆಕ್ಟೆಡ್ ಇದೆ, ಕೈಂಡ್ಲಿ ಇದೆ, ಹಂಬ್ಲಿ ಇದೆ, ಬೈಗುಳ ಒಂದೂ ಇಲ್ಲ. ಯಾರೋ ಪೆದ್ದ ಪ್ರಶ್ನೆ ಕೇಳಿದರೆ ನನಗೂ ತಲೆ ಕೆಡುತ್ತದೆ. ಆದರೆ 'ಶೇಂಗಾ ತಿನಕೋತ ಕುಂತಿದ್ಯೇನು' ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ನಿಘಂಟು ತೆಗೆಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಆಮೇಲೆ ಗೊತ್ತಿದ್ದಷ್ಟನ್ನೇ ಬರೆಯುತ್ತೇನೆ: ಗೌರವಾನ್ವಿತ ಮಿತ್ರರೇ, ದಯವಿಟ್ಟು ಏಳನೆಯ ಸಾಲನ್ನು ಇನ್ನೊಮ್ಮೆ ನೋಡುವ ಕೃಪೆ ಮಾಡಬೇಕಾಗಿ ವಿನಂತಿ. ಉಳಿದವರೆಲ್ಲ ಅಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯುತ್ತಿರುವಾಗ ನಾನೊಬ್ಬ ಕೈ ಮುಗಿದು ನಿಂತವನಂತೆ ಕಾಣುತ್ತೇನೆ. ಬೈಗುಳದ ಬಡತನ ಹೀಗೆ ನನ್ನನ್ನು ಸಂತನನ್ನಾಗಿ ಮಾಡಿತು.

ಮೊದಮೊದಲು ನನಗೆ ಖುಷಿಯೇ ಆಯಿತು. ನನ್ನ ಹೊಗಳಿಕೆಯನ್ನು ನಾನೇ ಕದ್ದು ಕೇಳುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ? ಆದರೆ ಒಂದು ವಾರ ಸವಿಯಾಗಿದ್ದದ್ದು ಎರಡನೆಯ ವಾರ ಕಹಿಯಾಗತೊಡಗಿತು. ಹೊಗಳಿಕೆ ಬರುತ್ತಿದ್ದದ್ದು ನನ್ನ ಕಿವಿಗೇ, ಸಲ್ಲುತ್ತಿದ್ದದ್ದು ಮಂಗನಿಗೆ. ಮಂಗನಿಗೆ ದೊಡ್ಡ ಸರ್, ನನಗೆ ಬರೀ ಸರ. ನಾನು ಏನಾದರೂ ಹೇಳಿದರೆ ಶಬಾನಾ 'ಹೂಂನ್ರಿ' ಎಂದು ಸುಮ್ಮನಾಗಿ, ನಾನು ಆಚೆ ಹೋದಮೇಲೆ ಅದು ಖರೆಯೋ ಸುಳ್ಳೋ ಎಂದು ಮಂಗನನ್ನು ಕೇಳುತ್ತಿದ್ದಳು. ಮಂಗ ನಾನು ಹೇಳಿದ್ದನ್ನೇ ಹೇಳಬೇಕಲ್ಲ, ಹೇಳಿದರೆ ಆಕೆ ನನ್ನ ಹತ್ತಿರ ಬಂದು 'ನೀವು ಹೇಳಿದ್ದು ಬರೋಬ್ಬರಿ ಐತಂತ್ರಿ ಸರ, ಮಂಕಿ ಸರ್ ಹೇಳ್ಯಾರ್ರಿ' ಎನ್ನುತ್ತಿದ್ದಳು. ನನ್ನ ಮಾತಿಗೆ ನಾನೇ ಸಾಕ್ಷಿ ನಿಲ್ಲಬೇಕಾದ ಗತಿ ಬಂತು.

ಮನೆಯಲ್ಲಾದರೂ ಹೊಟ್ಟೆಯ ಉರಿ ಕಾರಿಕೊಳ್ಳೋಣವೆಂದು ರತ್ನಾಳಿಗೆ ಹೇಳಿದೆ. ಮಂಗ ನಾನೇ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ: ಹೀಗೊಬ್ಬ ಇದ್ದಾನೆ, ವಿನಯದ ಸೋಗು ಹಾಕುತ್ತಾನೆ, ನನ್ನ ಕೈಕೆಳಗಿನ ಹುಡುಗಿ ಅವನ ಮಾತಿಗೆ ಮರುಳಾಗಿದ್ದಾಳೆ. ರತ್ನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನು ಬರೆಯುವುದನ್ನು ಒಂದೆರಡು ಸಾಲು ಹೇಳಿ ತೋರಿಸಿರಿ ಎಂದಳು. ಹೇಳಿದೆ. ಅವಳು, 'ಹಂಗ ಮಾತಾಡೋ ಗಂಡಸ್ರೂ ಇರ್ತಾರಲ್ರಿ. ಅವರ ಹೆಂಡ್ತಿ ಪುಣ್ಯಾ ಮಾಡಿರಬೇಕು' ಎಂದಳು. ಆ ಪುಣ್ಯವಂತೆ ಯಾರೆಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅಂದು ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಆಗಷ್ಟೇ ತಾಟು ದೂಡಿದ್ದೆನಾದ್ದರಿಂದ ಹೇಳಲು ಧೈರ್ಯ ಬರಲಿಲ್ಲ.

ಮಂಗನನ್ನು ಸುಮ್ಮನಾಗಿಸಬೇಕೆಂದು ನಿರ್ಧರಿಸಿದೆ. ಅವನು ಉತ್ತರ ಕೊಡದಿದ್ದರೆ ಹುಡುಗಿ ಎಲ್ಲಿಗೆ ಹೋದಾಳು, ನನ್ನ ಹತ್ತಿರವೇ ಬರಬೇಕು. ಅದೇ ಹೊತ್ತಿಗೆ ನರಗುಂದದ ದಲಾಲಿ ಅಂಗಡಿಯೊಂದರಲ್ಲಿ ನಮ್ಮ ಪ್ರೋಗ್ರಾಮು ಪ್ರತಿ ಬಿಲ್ಲಿನ ಹಿಂದೆ ಒಂದು ಖಾಲಿ ಹಾಳೆ ಉಗುಳಲು ಶುರುಮಾಡಿತು. 'ಈ ಖಾಲಿ ಹಾಳ್ಯಾಗ ನಾ ಏನ ಕಥಿ ಬರೀಲಿ?' ಎಂದು ಅಂಗಡಿಯವರು ಫೋನಿನ ಮೇಲೆ ಫೋನು ಮಾಡಿದರು. ಶಬಾನಾ ಪ್ರಶ್ನೆ ಹಾಕಿದಳು. ಉತ್ತರ ನನಗೆ ಗೊತ್ತಿತ್ತು. ಹಲ್ಲು ಕಚ್ಚಿ ಕುಳಿತೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಮರುದಿನವೂ ಬಂತು. ಆಕೆ ಕಪಾಟಿನ ಈಚೆ ಬರಲಿಲ್ಲ. ಬದಲಿಗೆ ತಾಣದಲ್ಲಿ ಇನ್ನೊಂದು ಸಾಲು ಕಾಣಿಸಿತು: ತಾವು ಆರಾಮಾಗಿದ್ದೀರಷ್ಟೇ, ತಮ್ಮ ಉತ್ತರ ಕಾಣದೆ ಚಿಂತೆಯಾಗಿದೆ. ನನಗೆ ಹೋದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಇದೇ ಹುಡುಗಿ ಕಳಿಸಿದ್ದು ಕಪಾಟಿನ ಕೀಲಿ ಎಲ್ಲಿದೆ ಎಂಬ ಒಂದು ಮೆಸೇಜು. ಈಗ ಮಂಗನಿಗೆ ಆರೋಗ್ಯ ವಿಚಾರಣೆ. ಎದ್ದು ಕಪಾಟಿನ ಆಚೆ ಹೋದೆ.

'ಇಲ್ಲೇ ಮಗ್ಗಲದಾಗ ನಾ ಕುಂತೀನಿ. ಎರಡ ದಿನಾ ಅಂಗಡಿಯವ್ರನ್ನ ಕಾಯಿಸೀದಿ. ನನ್ನ ಕೇಳಿದ್ರ ಏನ ಆಗತಿತ್ತು?'

'ನಿನ್ನೆ ಮುಂಜಾನೆ ಮೊದಲ ನಿಮ್ಮನ್ನಽ ಕೇಳಿದ್ನಿ ಸರ. "ತಲಿ ಮನ್ಯಾಗ ಬಿಟ್ಟ ಬಂದೀಯೇನು" ಅಂದ್ರಿ. ತಿರುಗಿ ಹೋದ್ನಿ.'

ಕೇಳಿದ್ದಳು. ಅದು ನನಗೆ ನೆನಪೇ ಇರಲಿಲ್ಲ, ಮಂಗನ ಮೇಲಿನ ಸಿಟ್ಟಿನಲ್ಲಿ ಇವಳ ಮೇಲೆ ಹಾಯ್ದಿದ್ದೆ. ಇನ್ನು ತಡೆಯಲಾಗಲಿಲ್ಲ. ಆಕೆಯನ್ನು ನನ್ನ ಮೇಜಿಗೆ ಕರೆದು, ತಾಣ ತೆರೆದು, ಆಕೆಯ ಕಣ್ಣೆದುರಿಗೇ ಖಾಲಿ ಹಾಳೆಯ ಉತ್ತರವನ್ನು ಬರೆದು ಕಳಿಸಿದೆ. ಪರದೆಯ ಮೇಲೆ ಮಂಗನ ಚಿತ್ರ ಮೂಡಿತು. ಆಕೆ ಬೆರಗಾಗಿ ನನ್ನ ಕಾಲಿಗೆ ಬೀಳದಿದ್ದರೂ ಒಂದು ಶಹಬ್ಬಾಸ್ ಆದರೂ ಸಿಗಬಹುದೆಂದು ಎದೆ ಉಬ್ಬಿಸಿ ನಿಂತೆ. ಶಬಾನಾ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹತ್ತಿರದವರು ಯಾರೋ ಊರು ಬಿಟ್ಟು ಹೋದ ಸುದ್ದಿ ಕೇಳಿದವಳಂತೆ ಆಕೆಯ ಮುಖ ಸಣ್ಣದಾಯಿತು.

'ಖರೇನಽ ಎಲ್ಲಾ ನೀವಽ ಬರದಿದ್ದೇನ್ರಿ?'

'ನಾನಽ.'

'ಮತ್ತ ಇಲ್ಲಿ ಯಾಕ ಹಂಗ ಮಾತಾಡೂದಿಲ್ರಿ?'

ರಜಾ ಅರ್ಜಿಯ ವಿಷಯ ಹೇಳಬೇಕೆಂದುಕೊಂಡೆ, ಆದರೆ ಆಕೆಯ ಮುಖದ ಮೇಲೆ ನಿಜವಾದ ನೋವಿತ್ತು. ನನಗೆ ನಾಚಿಕೆಯಾಯಿತು. ಆಕೆ ಸ್ವಲ್ಪ ಯೋಚಿಸಿ, ಬಹಳ ಮರ್ಯಾದೆಯಿಂದ ಹೇಳಿದಳು: 'ಹಂಗಾರ ಸರ, ನಾ ಇನ್ನ ಮುಂದೂ ಅಲ್ಲೇ ಕೇಳ್ತೀನ್ರಿ. ನಂಗ ಗೊತ್ತಾಗೇತಂತ ಮಂಕಿ ಸರ್‌ಗೆ ಮಾತ್ರ ತಿಳಿಸಬ್ಯಾಡ್ರಿ.' ಅಷ್ಟು ಹೇಳಿ ಕಪಾಟಿನ ಆಚೆ ಹೋದಳು. ತುಸು ಹೊತ್ತಿಗೆ ತಾಣದಲ್ಲಿ ಮಂಗನಿಗೆ ಧನ್ಯವಾದ ಬಂತು, ಖಾಲಿ ಹಾಳೆ ಬರುವುದು ನಿಂತಿದೆಯಂತೆ.

ಅಂದಿನಿಂದ ಈ ಸಂಸಾರ ಹೀಗೆಯೇ ನಡೆದಿದೆ. ಆಕೆ ಆಚೆಯಿಂದ ಕೇಳುತ್ತಾಳೆ, ನಾನು ಈಚೆಯಿಂದ ವಿನಂತಿ ಮಾಡಿಕೊಳ್ಳುತ್ತೇನೆ, ಮಾತು ಮಾತ್ರ ಪರದೇಶ ಸುತ್ತಿಕೊಂಡು ಬರುತ್ತದೆ. ಒಮ್ಮೆ ಬಾಯಲ್ಲೂ ಮಂಗನಂತೆ ಮಾತಾಡಿ ನೋಡೋಣವೆಂದು 'ದಯವಿಟ್ಟು ಇದನ್ನ ನೋಡ್ರಿ ತಂಗಿ' ಎಂದೆ. ಶಬಾನಾ ಗಾಬರಿಯಾಗಿ ತನ್ನ ನೌಕರಿ ಹೋಯಿತೇ ಎಂದು ಕೇಳಿದಳು.

ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಮೊನ್ನೆ ಊಟಕ್ಕೆ ಕುಳಿತಾಗ ರತ್ನಾಳಿಗೂ ಹೇಳಿಬಿಟ್ಟೆ, ಆ ಮಂಗ ನಾನೇ ಎಂದು. ಅವಳು ನಂಬಲಿಲ್ಲ. ಆಣೆ ಮಾಡಿದೆ. ಮೆಲ್ಲಗೆ ನಂಬಿದಳು. ನನ್ನ ಮುಖವನ್ನು ಬಹಳ ಹೊತ್ತು, ಯಾರನ್ನೋ ಹುಡುಕುವವಳ ಹಾಗೆ ನೋಡಿ, ಕೊನೆಗೆ ಹೇಳಿದಳು:

'ಅವ್ರನ್ನ ಒಂದ ದಿನಾ ಮನಿಗೆ ಊಟಕ್ಕ ಕರಕೊಂಡ ಬರ್ರಿ.'

ಕರೆದುಕೊಂಡು ಬರಬಹುದು, ದೂರದವನೇನಲ್ಲ. ಅವನು ಬಂದ ದಿನ ನಾನೆಲ್ಲಿ ಉಣ್ಣಬೇಕು ಎಂಬುದಷ್ಟೇ ನನ್ನ ಚಿಂತೆ.