ನೀರಿನ ಜಾತಕ ನೋಡುವ ಮಾವ

ನನ್ನ ಸೋದರಮಾವ ಜಾತಕ ನೋಡದೆ ನೀರು ಕುಡಿಯುವವರಲ್ಲ. ಜಾತಕ ಅವರದಲ್ಲ, ನೀರಿನದು! ಡೊಂಬಿವಲಿಯಲ್ಲಿ ನಾವೆಲ್ಲ ನಲ್ಲಿ ತಿರುಗಿಸಿ, ಸದ್ಯ ಬಂತಲ್ಲ ಎಂದು ಕೊಡ ಒಡ್ಡುತ್ತೇವೆ. ಮಾವ ಮಾತ್ರ ಜೇಬಿನಿಂದ ಕಾಗದದ ಪಟ್ಟಿಯೊಂದನ್ನು ತೆಗೆದು ಅದ್ದುತ್ತಾರೆ. ನೀಲಿಗೆ ತಿರುಗಿದರೆ ಪಾಸು, ಕೆಂಪಾದರೆ ನಪಾಸು.

ಇಷ್ಟಕ್ಕೂ ಈ ಮನುಷ್ಯ ವಿಜ್ಞಾನಿಯೇನಲ್ಲ. ಉಡುಪಿ ಕಡೆಯಿಂದ ಬಂದು ಕಲ್ಯಾಣದ ಸ್ಟೇಷನ್ ಬಳಿ ಆಯುಷ್ಯವಿಡೀ ಹೋಟೆಲು ನಡೆಸಿದವರು. ಸಾಂಬಾರಿಗೆ ಉಪ್ಪು ಸಾಲದು ಎನ್ನುವುದನ್ನು ವಾಸನೆಯಲ್ಲೇ ಹೇಳುವ ಮೂಗು ಅವರದು. ಹೋದ ವರ್ಷ ಅತ್ತೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆ ಮೂಗನ್ನೂ ನಂಬುವುದು ಬಿಟ್ಟರು. ಅದೇ ಹೊತ್ತಿಗೆ ಅವರ ಹೌಸಿಂಗ್ ಸೊಸೈಟಿಯ ಸಭಾಂಗಣಕ್ಕೆ ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಮೆಷಿನ್ ಹೊತ್ತು ಬಂದ. ಅದರಿಂದ ಬರುವುದು ಆಲ್ಕಲೈನ್ ನೀರು, ಅಂದರೆ ಹುಳಿಗೆ ವಿರುದ್ಧ ಗುಣದ ಕ್ಷಾರದ ನೀರು.

"ಅಂಕಲ್, ಕ್ಯಾನ್ಸರ್ ಆಸಿಡ್ ಮೇ ಪಲ್ತಾ ಹೈ!"

ಕ್ಯಾನ್ಸರ್ ಬೆಳೆಯುವುದೇ ಆಸಿಡ್ಡಿನಲ್ಲಿ ಎಂದವನೇ ನಲ್ಲಿ ನೀರಿಗೆ ಒಂದು ಹನಿ ಏನೋ ಬಿಟ್ಟ, ಹಸಿರಾಯಿತು. ಮೆಷಿನ್ ನೀರಿಗೆ ಬಿಟ್ಟ, ನೇರಳೆಯಾಯಿತು. ಕಣ್ಣೆದುರೇ ಬಣ್ಣ ಬದಲಾದ ಮೇಲೆ ಇನ್ನೇನು ಬೇಕು? ಮೆಷಿನ್ ಮಾವನ ಅಡುಗೆಮನೆಯ ಗೋಡೆ ಏರಿತು.

ಅಲ್ಲಿಂದ ಮಾವನ ಪರೀಕ್ಷೆಗೆ ಕೊನೆ ಮೊದಲಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದವರು ಅಮ್ಮ ಬಡಿಸಿದ ಸಾರಿಗೂ ಪಟ್ಟಿ ಅದ್ದಿದರು.

"ಅಕ್ಕ, ಇದು ಪೂರಾ ಆಸಿಡ್!"

"ಇಡೀ ಕಲ್ಯಾಣಕ್ಕೆ ಅದೇ ಆಸಿಡ್ ಬಡಿಸಿದವ ನೀನೇ ಅಲ್ವಾ?" ಎಂದರು ಅಮ್ಮ.

ಮಾವ ಪಟ್ಟಿಯನ್ನು ಜೇಬಿಗೆ ಸೇರಿಸಿ, ಸಾರನ್ನು ಇನ್ನೊಮ್ಮೆ ಹಾಕಿಸಿಕೊಂಡರು.

ಆಪರೇಷನ್ ಆಗಿ ಅತ್ತೆ ಠಾಣೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀರು ಮನೆಯಿಂದಲೇ ಹೋಗುತ್ತಿತ್ತು. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಕ್ಯಾನನ್ನು ತಲೆಯ ಮೇಲೆತ್ತಿ ಹಿಡಿದು ನಿಂತ ಮಾವನನ್ನು ಕಂಡು ಯಾರೋ, "ಕಾಕಾ, ಗಂಗಾಜಲ ಆಹೇ ಕಾ?" ಎಂದು ಭಕ್ತಿಯಿಂದ ಕೇಳಿದರಂತೆ. ಅದಕ್ಕಿಂತ ಸ್ಟ್ರಾಂಗ್ ಎಂದರಂತೆ ಮಾವ. ಆ ಮನುಷ್ಯ ಎದ್ದು ಸೀಟು ಬಿಟ್ಟುಕೊಟ್ಟನಂತೆ. ಬೆಳಗಿನ ಲೋಕಲ್‌ನಲ್ಲಿ ಸೀಟು! ಆ ನೀರಿನಿಂದ ಆದ ಪವಾಡ ಎಂದು ನಾನು ಒಪ್ಪುವುದು ಅದೊಂದನ್ನೇ.

ಅಲ್ಲಿಯವರೆಗೆ ನಗುತ್ತಿದ್ದೆವು. ಕೀಮೋ ಶುರುವಾಗಿ ಅತ್ತೆ ವಾಂತಿಯಿಂದ ಬಸವಳಿದಾಗ ಮಾವ ಹೊಸ ಮಾತು ತೆಗೆದರು. "ಇನ್ನು ಆ ಕೀಮೋ ಬೇಡ ಮಾರಾಯ್ತಿ. ನೀರೇ ಸಾಕು."

ನಾನು ರಬಾಳೆಯ ನನ್ನ ಆಫೀಸಿನಲ್ಲಿ ಕುಳಿತು ಆ ನೀರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸುಳ್ಳೇಕೆ, ನನಗೂ ಆಸೆಯಿತ್ತು. ನಿಜವಾಗಿದ್ದರೆ? ನೀರು ಕುಡಿದೇ ವಾಸಿಯಾಗುವಂತಿದ್ದರೆ ಯಾರಿಗೆ ಬೇಡ? ಓದಿದಷ್ಟೂ ತಲೆ ಕೆಟ್ಟು, ಕೊನೆಗೆ ಮಾವನನ್ನು ಎಳೆದುಕೊಂಡು ಹೋಗಿ ಅತ್ತೆಯ ಡಾಕ್ಟರ ಮುಂದೆ ಕೂರಿಸಿದೆ.

"ಕಾಕಾ, ಪೇಟ್ ಮೇ ತೋ ಖುದ್ ಆಸಿಡ್ ಹೈ," ಎಂದು ಆ ಡಾಕ್ಟರಮ್ಮ ಶುರು ಮಾಡಿದರು. ಹೊಟ್ಟೆಯಲ್ಲೇ ಆಸಿಡ್ ಇರುವುದರಿಂದ ಎಂಥ ನೀರು ಕುಡಿದರೂ ಅದು ಹುಳಿಯಾಗುತ್ತದಂತೆ. ರಕ್ತದ ಹುಳಿ-ಕ್ಷಾರದ ಹದವನ್ನು ಶ್ವಾಸಕೋಶವೂ ಮೂತ್ರಪಿಂಡವೂ ಕಾಯುತ್ತವೆ, ಲೋಟ ನೀರಿಗೆಲ್ಲ ಅದು ಜಗ್ಗುವುದಿಲ್ಲ. ಗಡ್ಡೆಯ ಸುತ್ತ ಹುಳಿ ಇರುವುದು ನಿಜ, ಆದರೆ ಅದು ಗಡ್ಡೆಯೇ ಮಾಡಿಕೊಂಡದ್ದು. ಈ ನೀರಿನಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಕೀಮೋ ಮಾತ್ರ ನಿಲ್ಲಿಸಬೇಡಿ ಎಂದರು.

"ಹಾಗಾದ್ರೆ ನಾನು ಎಂತ ಮಾಡುದು?" ಮಾವ ಕನ್ನಡದಲ್ಲೇ ಕೇಳಿಬಿಟ್ಟರು. ನಾನು ಹಿಂದಿಯಲ್ಲಿ ಹೇಳಿದೆ.

"ಪಾನಿ ಪಿಲಾಯಿಯೇ," ಎಂದರು ಡಾಕ್ಟರು. "ಕೋಯೀ ಭೀ ಪಾನಿ. ಬಸ್, ವೋ ಪೀಯೇ."

ಯಾವ ನೀರಾದರೂ ಸರಿ, ಅತ್ತೆ ಕುಡಿದರೆ ಸಾಕಂತೆ. ಕಷ್ಟ ಇದ್ದದ್ದೇ ಅಲ್ಲಿ. ಬಾಯೆಲ್ಲ ಕಬ್ಬಿಣದ ರುಚಿ ಎಂದು ಅತ್ತೆ ಮೆಷಿನ್ ನೀರನ್ನೂ ನಲ್ಲಿ ನೀರನ್ನೂ ಯಾವ ಭೇದವೂ ಇಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದರು.

ಮಾವನೇ ಅತ್ತೆಯನ್ನು ಕರೆದೊಯ್ದು ಮುಂದಿನ ಕೀಮೋ ಮಾಡಿಸಿದರು. ಆ ಭಾನುವಾರ ನಾನು ಅವರ ಮನೆಗೆ ಹೋದಾಗ ಮಾವ ಊರಿನಿಂದ ತರಿಸಿದ ಪುನರ್ಪುಳಿಯ, ಅಂದರೆ ಕೋಕಂ ಹಣ್ಣಿನ, ಒಣ ಸಿಪ್ಪೆಯನ್ನು ನೆನೆಹಾಕಿ ಕಿವುಚುತ್ತಿದ್ದರು. ಪಾತ್ರೆಯ ತುಂಬ ಕೆಂಪು!

"ಮಾವ, ಇದು ಅಪ್ಪಟ ಹುಳಿ! ಪಟ್ಟಿ ಅದ್ದಿದ್ರಾ?"

"ಅದ್ಲಿಕ್ಕೆ ಎಂತ ಉಂಟು? ನಂಗೆ ಗೊತ್ತಿಲ್ವಾ?" ಎಂದರು ತಲೆ ಎತ್ತದೆ. "ಡಾಕ್ಟ್ರ ಹತ್ರ ಕೇಳಿದೆ. ತೆಳ್ಳಗೆ ಮಾಡಿ ಕೊಡಿ ಅಂದ್ರು. ಇದಾದ್ರೆ ಅವಳ ಗಂಟಲಲ್ಲಿ ಇಳೀತದೆ."

ಹೆಗಲ ಬೈರಾಸು ಟವೆಲಿನಿಂದ ಲೋಟದ ತಳ ಒರೆಸಿ, ಹೋಟೆಲಿನಲ್ಲಿ ಗಿರಾಕಿ ಕೂತೊಡನೆ ನೀರು ಇಡುವ ಹಾಗೆ ಅತ್ತೆಯ ಮುಂದೆ ಇಟ್ಟರು. ಅತ್ತೆ ಒಂದು ಗುಟುಕು ಕುಡಿದರು. ನಿಲ್ಲಿಸಿದರು. ಮತ್ತೆ ಎತ್ತಿ ಅಷ್ಟನ್ನೂ ಕುಡಿದು, ಖಾಲಿ ಲೋಟವನ್ನು ಮುಂದೆ ಚಾಚಿದರು.

"ಇನ್ನು ಸ್ವಲ್ಪ ಉಂಟಾ?"

ಮಾವ ಗೋಡೆಯ ಕಡೆ ತಿರುಗಿ ಬೈರಾಸನ್ನು ಮುಖಕ್ಕೆ ಒತ್ತಿಕೊಂಡರು. ಇಡೀ ಕಲ್ಯಾಣಕ್ಕೆ ಬಡಿಸಿದ ಮನುಷ್ಯ ಒಂದು ಲೋಟ ಖಾಲಿಯಾದದ್ದಕ್ಕೆ ಅಳುತ್ತಿದ್ದರು. ನಾನೇ ಎದ್ದು ಅತ್ತೆಯ ಲೋಟ ತುಂಬಿಸಿದೆ.